ಕತ್ತಲಲ್ಲಿ ಒಬ್ಬರೇ ತೆಪ್ಪ ಹಾಕಬೇಡಿ

ಕೆ.ಆರ್. ಪೇಟೆಯ ಓದುಗರೇ,

ಹೇಮಾವತಿ ಹಿನ್ನೀರಿನಲ್ಲಿ ಮೀನು ಹಿಡಿದು ಪಳಗಿದ ಕೈ ನಿಮ್ಮದು, ಒಪ್ಪಿದೆ. ಆದರೆ ಕನ್ನಂಬಾಡಿ ಅಣೆಕಟ್ಟೆಯ ಕೆಳಗೆ, ಶ್ರೀರಂಗಪಟ್ಟಣದ ಕಡೆ ಹರಿಯುವ ಕಾವೇರಿಯ ಸ್ವಭಾವವೇ ಬೇರೆ. ಹಿನ್ನೀರಿನಲ್ಲಿ ನಿಂತ ನೀರು. ಇಲ್ಲಿ ಬಂಡೆಗಳ ನಡುವೆ ಸೆಳವು. ಹಗಲಲ್ಲಾದರೆ ಮುಳುಗಿದ ಬಂಡೆಯ ಮೇಲೆ ನೀರು ನುಣ್ಣಗೆ ಉಬ್ಬಿ, ಅದರಾಚೆ ನೊರೆ ಏಳುವುದು ಕಾಣುತ್ತದೆ. ರಾತ್ರಿ ಆ ಗುರುತು ಸಿಗದು. ಟಾರ್ಚ್ ಬಿಟ್ಟರೆ ನೀರಿನ ಹೊಳಪೇ ಕಣ್ಣಿಗೆ ಹೊಡೆಯುತ್ತದೆ. ತೆಪ್ಪ ಗುಂಡಗಿರುವುದರಿಂದ ಬಂಡೆಗೆ ತಾಗಿದರೆ ಗಿರ್ರನೆ ತಿರುಗುತ್ತದೆ. ದಡ ಯಾವ ಕಡೆ ಎಂಬುದೇ ಮರೆತುಹೋಗುತ್ತದೆ.

ನನಗೆ ಹೆಚ್ಚು ಭಯ ಅಣೆಕಟ್ಟೆಯ ನೀರಿನದು. ಇಲ್ಲಿ ಆಕಾಶ ತಿಳಿಯಾಗಿದ್ದರೂ ಕೊಡಗಿನಲ್ಲಿ ಮಳೆ ಹಿಡಿದಿರಬಹುದು. ಜಲಾಶಯ ತುಂಬಿ ಮಟ್ಟ 124.80 ಅಡಿಯ ಹತ್ತಿರ ಬಂದಾಗ ಹೊರಹರಿವು ಹೆಚ್ಚಿಸುತ್ತಾರೆ. ಸಂಜೆ ನೀವು ಕಂಡ ಬಂಡೆ ರಾತ್ರಿ ನೀರಿನಡಿ ಇರುತ್ತದೆ.

ರಾತ್ರಿ ಒಬ್ಬರೇ ಮೀನು ಹಿಡಿಯಲು ಹೊರಟ ನಿಮ್ಮನ್ನು ಮನೆಯವರು ತಡೆದದ್ದು ಸರಿ. ಇಲ್ಲಿನ ಮಡುಗಳನ್ನು ಬಲ್ಲ ಊರಿನವರ ಜೊತೆ ಮೊದಲು ಹಗಲಲ್ಲೇ ನಾಲ್ಕಾರು ಸಲ ಹೋಗಿಬನ್ನಿ. ಲೈಫ್ ಜಾಕೆಟ್ ತೊಡಿ. ಬೆಳಕಿರುವಾಗಲೇ ಬಲೆ ಬಿಟ್ಟು ದಡ ಸೇರಿ, ಬೆಳಗಾದ ಮೇಲೆ ಎತ್ತಿ. ರಂಗನತಿಟ್ಟಿನ ಕಡೆ ಮಾತ್ರ ಸುಳಿಯಲೇಬೇಡಿ. ಅದು ಪಕ್ಷಿಧಾಮ, ಅಲ್ಲಿ ಮೊಸಳೆಗಳೂ ಇವೆ.