ಅಜ್ಜಿಯ ಬೆಳ್ಳಿ ಒಳಲೆ

ಕೂಸಿಗೆ ಹಾಲು ಕುಡಿಸುವ ಪುಟ್ಟ ಪಾತ್ರೆಯೇ ಒಳಲೆ. ಅದಕ್ಕೆ ಚೂಪು ಮೂತಿ ಇರುತ್ತದೆ. ನಿಮ್ಮ ಮನೆಯಲ್ಲೂ ಇದೆಯೇ?

ಗೌರಮ್ಮನ ಹತ್ತಿರ ಬೆಳ್ಳಿ ಒಳಲೆ ಇತ್ತು. ಬಾಣಂತನದಲ್ಲಿ ಅವಳ ಅವ್ವ ಕೊಟ್ಟದ್ದು. ಪೆಟ್ಟಿಗೆಯಲ್ಲಿ ಇದ್ದೂ ಇದ್ದೂ ಕಪ್ಪಾಗಿತ್ತು.

ಒಂದು ದಿನ ಗಂಡ ಹೇಳಿದ:

"ಗೊಬ್ಬರಕ್ಕೆ ದುಡ್ಡಿಲ್ಲ. ಆ ಕರೀ ಒಳಲೆ ಮಾರಿಬಿಡೋಣ."

ಗೌರಮ್ಮ ಒಳಲೆಯನ್ನು ಒರೆಸಿದಳು. ಅದರ ಅಡಿಯಲ್ಲಿ ಏನೋ ಕೆತ್ತಿತ್ತು. ಇಷ್ಟು ವರ್ಷ ಅದನ್ನು ಹೂಬಳ್ಳಿ ಅಂದುಕೊಂಡಿದ್ದಳು. ಈಗ ಅವಳಿಗೆ ಅಕ್ಷರ ಬರುತ್ತದೆ. ಬೆರಳಿಟ್ಟು ಓದಿದಳು.

"ತಿ... ಮ್ಮ... ಕ್ಕ. 1951."

ಗೌರಮ್ಮನ ಕಣ್ಣು ತುಂಬಿತು.

"ಇಲ್ನೋಡಿ, ಇದು ನಮ್ಮಜ್ಜಿ ಹೆಸರು! ನಮ್ಮವ್ವ ಹುಟ್ಟಿದ ವರ್ಷ! ಅವ್ವ ಇದರಲ್ಲೇ ಹಾಲು ಕುಡಿದಳು. ನಾನೂ ಕುಡಿದೆ. ನಮ್ಮ ಮಗಳೂ ಕುಡಿದಳು."

ತಿಮ್ಮಕ್ಕನಿಗೆ ಓದು ಬರುತ್ತಿರಲಿಲ್ಲ. ಅವಳು ಓದದ ಹೆಸರನ್ನು ಮೊಮ್ಮಗಳು ಓದಿದಳು.

ಗಂಡ ಸುಮ್ಮನೆ ಕುಳಿತ. ಆಮೇಲೆ ಹೇಳಿದ:

"ಮಾರೋದು ಬೇಡ ಬಿಡು. ಗೊಬ್ಬರಕ್ಕೆ ಏನು ಮಾಡೋಣ?"

"ಸಂಘದಲ್ಲಿ ಸಾಲ ಕೇಳ್ತೀನಿ," ಎಂದಳು ಗೌರಮ್ಮ.

ತಿಳಿದುಕೊಳ್ಳೋಣ

ಕಪ್ಪಾದ ಬೆಳ್ಳಿ ಕೆಟ್ಟ ಬೆಳ್ಳಿಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿದರೆ ಬೆಳ್ಳಿಯ ಮೇಲೆ ಕರಿ ಪದರ ಕಟ್ಟುತ್ತದೆ. ಮೆತ್ತನೆ ಬಟ್ಟೆಯಿಂದ ಒರೆಸಿ. ಮರಳು, ಒರಟು ಬೂದಿ ಹಾಕಿ ತಿಕ್ಕಬೇಡಿ. ಬೆಳ್ಳಿ ಸವೆಯುತ್ತದೆ. ಕೆತ್ತಿದ ಹೆಸರೂ ಅಳಿಸಿಹೋಗುತ್ತದೆ.

ಅಪ್ಪಟ ಬೆಳ್ಳಿ ಬಲು ಮೆದು. ಗಟ್ಟಿಯಾಗಲಿ ಎಂದು ತಾಮ್ರ ಬೆರೆಸುತ್ತಾರೆ. 925 ಎಂಬ ಗುರುತು ಇದ್ದರೆ 1000 ಭಾಗದಲ್ಲಿ 925 ಭಾಗ ಬೆಳ್ಳಿ ಎಂದರ್ಥ. ಹಳೆಯ ಪಾತ್ರೆಗಳಲ್ಲಿ ಈ ಗುರುತು ಇಲ್ಲದೆಯೂ ಇರಬಹುದು. ಬೆಳ್ಳಿ ಗಿರವಿ ಇಡಲೇಬೇಕಾಗಿ ಬಂದರೆ ಎದುರಿಗೇ ತೂಕ ಹಾಕಿಸಿ. ರಶೀದಿ ಓದಿದ ಮೇಲೆಯೇ ಸಹಿ ಮಾಡಿ.

ಮದುವೆ, ಬಾಣಂತನದಲ್ಲಿ ತವರಿನವರು ಹೆಣ್ಣಿಗೆ ಕೊಟ್ಟ ವಸ್ತುವನ್ನು ಹಿಂದೂ ಕಾನೂನಿನಲ್ಲಿ ಸ್ತ್ರೀಧನ ಎನ್ನುತ್ತಾರೆ. ಅದು ಅವಳದೇ. ಗಂಡನ ಮನೆಯಲ್ಲಿ ಇದ್ದ ಮಾತ್ರಕ್ಕೆ ಗಂಡನದಾಗುವುದಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನು ಸ್ಪಷ್ಟವಾಗಿ ಹೇಳಿದೆ.

ಗೌರಮ್ಮ ಬರೆದಿಟ್ಟ ಚೀಟಿ

ವಸ್ತು: ಬೆಳ್ಳಿ ಒಳಲೆ
ಮೊದಲು ಯಾರದು: ಅಜ್ಜಿ ತಿಮ್ಮಕ್ಕನದು, 1951
ನನಗೆ ಕೊಟ್ಟವರು: ಅವ್ವ
ತೂಕ: 42 ಗ್ರಾಂ
ಮುಂದೆ ಯಾರಿಗೆ: ಮಗಳಿಗೆ

ಓದಿ, ಹೇಳಿ

1. ಒಳಲೆಯ ಮೇಲೆ ಯಾರ ಹೆಸರಿತ್ತು?
2. ಬೆಳ್ಳಿ ಯಾಕೆ ಕಪ್ಪಾಗುತ್ತದೆ?
3. ಆ ಒಳಲೆ ಯಾರ ಸ್ವತ್ತು?

ನೀವೂ ಬರೆಯಿರಿ

ಮನೆಯ ಹಳೆಯ ಪಾತ್ರೆ, ಲೋಟ, ಬಟ್ಟಲುಗಳನ್ನು ತಿರುಗಿಸಿ ನೋಡಿ. ಹೆಸರಿದ್ದರೆ ಓದಿ. ಹಿರಿಯರನ್ನು ಕೇಳಿ. ಗೌರಮ್ಮನ ಹಾಗೆ ಒಂದು ಚೀಟಿ ಬರೆದಿಡಿ.