ಸೂಜಿ ಬಗ್ಗುವ ದಿನ

ಪುಟ್ಟೀ,

ನೀನು ಕಳಿಸಿದ ಮೂರು ಏರ್‌ಬ್ರಷ್‌ಗಳ ಚಿತ್ರ ನೋಡಿದೆ. ಮೂರೂ ಒಡವೆ ಅಂಗಡಿಯ ಸಾಮಾನಿನ ಹಾಗೆ ಹೊಳೆಯುತ್ತಿವೆ. ಯಾವುದು ತಗೊಳ್ಳಲಿ ಮಾವ ಅಂತ ಕೇಳಿದ್ದೀಯ. ಅದಕ್ಕೆ ಮೊದಲು ನೀನು ಅಂಗಡಿಯವನನ್ನು ಕೇಳಬೇಕಾದದ್ದು ಒಂದಿದೆ: ಇದರ ಸೂಜಿ ಬಗ್ಗಿದರೆ ಬೇರೆ ಸೂಜಿ ಬಿಡಿಯಾಗಿ ಸಿಗುತ್ತದೆಯೇ?

ಬಗ್ಗಿದರೆ ಅಂದೆ, ಆದರೆ ಬಗ್ಗೇ ಬಗ್ಗುತ್ತದೆ. ನಾನು ಮೊದಲು ಕೊಂಡದ್ದು ಹೆಸರು ದಿಕ್ಕಿಲ್ಲದ ಒಂದು ಅಗ್ಗದ ಸೆಟ್ಟು. ಎಂಟನೇ ದಿನ ತೊಳೆಯುವಾಗ ಸೂಜಿ ಕೈಜಾರಿ ನಲ್ಲಿಗೆ ತಗುಲಿತು. ತುದಿ ಕೊಕ್ಕೆಯಾದದ್ದು ಕಣ್ಣಿಗೆ ಕಾಣಲಿಲ್ಲ, ಉಗುರಿನ ಮೇಲೆ ಎಳೆದಾಗ ಗೀರಿತು, ಆಗ ಗೊತ್ತಾಯಿತು. ಆಮೇಲೆ ಬಣ್ಣ ನೇರ ಹೋಗದೆ ಒಂದು ಪಕ್ಕಕ್ಕೆ ಉಗುಳತೊಡಗಿತು. ಬಿಡಿ ಸೂಜಿ ಕೇಳಿದರೆ ಅಂಗಡಿಯವರು ‘ಹೊಸದೇ ತಗೊಂಡ್ಬಿಡಿ ಸಾರ್’ ಅಂದರು. ತಗೊಂಡೆ. ಅದರ ನಾಝಲ್ಲು, ಅಂದರೆ ಬಣ್ಣ ಹೊರಬರುವ ಬಾಯಿ, ಅಕ್ಕಿಕಾಳಿನಷ್ಟಿತ್ತು. ಗಾಳಿ ಸೋರುತ್ತಿದೆ ಅಂತ ಸ್ಪ್ಯಾನರ್ ಹಿಡಿದು ಬಿಗಿ ಮಾಡಿದೆ, ಥ್ರೆಡ್ಡು ಮುರಿದು ಒಳಗೇ ಕೂತಿತು. ಅಂಥ ನಾಝಲ್ಲನ್ನು ಬೆರಳಿನಲ್ಲಿ ತಿರುಗಿಸಿ, ಕೊನೆಗೆ ಸ್ಪ್ಯಾನರ್‌ನಿಂದ ಕೂದಲೆಳೆಯಷ್ಟು ಮಾತ್ರ ಬಿಗಿಯಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಎರಡು ಅಗ್ಗದವು ಸೇರಿ ಒಂದು ಒಳ್ಳೆಯದರ ಹತ್ತಿರ ಬಂದಿತ್ತು.

ಹಾಗಂತ ಅಗ್ಗದ್ದನ್ನು ಮುಟ್ಟಲೇಬೇಡ ಅನ್ನುತ್ತಿಲ್ಲ. ಜಪಾನಿನ ಇವಾಟಾ ಮಾದರಿಯನ್ನು ನೋಡಿ ಚೀನಾದಲ್ಲಿ ಮಾಡಿದವುಗಳಲ್ಲೂ ಚೆನ್ನಾಗಿ ಬಣ್ಣ ಬಿಡುವವು ಇವೆ. ಎರಡು ಸೂಜಿ, ಎರಡು ನಾಝಲ್ಲು ಜೊತೆಗೇ ಕೊಟ್ಟರೆ ಕಲಿಯುವುದಕ್ಕೆ ತಗೋ. ಸ್ವಲ್ಪ ಕೈ ಬಿಚ್ಚುವುದಾದರೆ ಇವಾಟಾದವರದೇ ನಿಯೋ ಇದೆ, 0.35 ಮಿ.ಮೀ. ನಾಝಲ್ಲಿನದು. ನನ್ನ ಕೈಯಲ್ಲಿರುವುದು ಅಮೆರಿಕದ ಬ್ಯಾಡ್ಜರ್ ಪೇಟ್ರಿಯಟ್ 105. ಇದರ ನಾಝಲ್ಲಿಗೆ ಥ್ರೆಡ್ಡೇ ಇಲ್ಲ, ಸುಮ್ಮನೆ ಕೂರಿಸಿ ಮುಂದಿನ ತಲೆ ಬಿಗಿದರೆ ಆಯಿತು. ನನ್ನಂಥ ಒರಟು ಕೈಗೆ ದೇವರೇ ಕಳಿಸಿದ್ದು.

‘ಹೊಸ ತಂತ್ರಜ್ಞಾನ’ ಅಂತ ಯಾರಾದರೂ ಪುಂಗಿ ಊದಿದರೆ ತಲೆಯಾಡಿಸಬೇಡ. ಅಮೆರಿಕದ ಅಯೋವಾದಲ್ಲಿ ಆಬ್ನರ್ ಪೀಲರ್ ಗಾಳಿಯಿಂದ ಬಣ್ಣ ಹಚ್ಚುವ ಒಂದು ಉಪಕರಣ ಮಾಡಿದ್ದು 1879ರ ಸುಮಾರಿಗೆ. ಈಗಿನ ಪೆನ್ನಿನಂಥ ರೂಪಕ್ಕೆ ಚಾರ್ಲ್ಸ್ ಬರ್ಡಿಕ್ ಪೇಟೆಂಟ್ ಪಡೆದದ್ದು 1892ರಲ್ಲಿ. ಫೋಟೊ ತಿದ್ದುವವರು ಎಷ್ಟೋ ಕಾಲ ಅದನ್ನೇ ಹಿಡಿದು ಬದುಕಿದರು. ಅಂದಿನಿಂದ ಕೆಲಸದ ಬಗೆ ಅದೇ: ಮೊನಚಾದ ಸೂಜಿ ಹಿಂದೆ ಸರಿದಷ್ಟೂ ಬಾಯಿ ತೆರೆಯುತ್ತದೆ, ನುಗ್ಗುವ ಗಾಳಿ ಬಣ್ಣವನ್ನು ಹೀರಿ ಪುಡಿಗಟ್ಟುತ್ತದೆ.

ಬಗೆಯಲ್ಲಿ ಗೊಂದಲ ಬೇಡ. ಬಟ್ಟಲು ಮೇಲಿರುವ ಗ್ರ್ಯಾವಿಟಿ ಫೀಡ್ ತಗೋ; ಬಣ್ಣ ತಾನೇ ಇಳಿಯುತ್ತದೆ, ಕಡಿಮೆ ಗಾಳಿ ಸಾಕು, ನಾಲ್ಕು ಹನಿಯಲ್ಲೂ ಕೆಲಸ ನಡೆಯುತ್ತದೆ. ಟ್ರಿಗರ್ ಡಬಲ್ ಆ್ಯಕ್ಷನ್ ಇರಲಿ, ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ. ಮೊದಲ ವಾರ ಬೆರಳು ಮಾತು ಕೇಳುವುದಿಲ್ಲ, ಆಮೇಲೆ ತಾನೇ ಕಲಿಯುತ್ತದೆ. ನಾಝಲ್ಲು 0.3ರಿಂದ 0.5ರ ನಡುವೆ ಇರಲಿ. ನಿನ್ನ ಗೆಳತಿ 0.2 ತಗೋ ಅಂದಳಂತೆ. ನೀನು ಮಾಡಹೊರಟಿರುವ 1:72 ಅಳತೆಯ ಮಿಗ್-21 ವಿಮಾನದ ಮಾದರಿಗೆ ರೆಕ್ಕೆಯ ತುದಿಯಿಂದ ತುದಿಗೆ ಹತ್ತು ಸೆಂಟಿಮೀಟರ್ ಆದೀತು. ಅದರ ಮೈಗೆ ಒಂದೇ ಸಮ ಬಣ್ಣ ಕೂರಿಸುವುದೇ ನಿನ್ನ ಮೊದಲ ವರ್ಷದ ಕೆಲಸ. 0.2ರಲ್ಲಿ ಪ್ರೈಮರ್ ಹಾಕಲು ಹೋದರೆ ಬಣ್ಣ ಹಾಕುವ ಹೊತ್ತಿಗಿಂತ ಕಟ್ಟಿದ ಬಾಯಿ ಬಿಡಿಸುವ ಹೊತ್ತೇ ಹೆಚ್ಚಾಗುತ್ತದೆ.

ಇನ್ನು ಗಾಳಿ. ಎಲ್ಲರೂ ಬ್ರಷ್ಷಿಗೆ ದುಡ್ಡು ಸುರಿದು ಇಲ್ಲಿ ಬಿಗಿ ಹಿಡಿಯುತ್ತಾರೆ. ನಾನಾದರೆ ಕೈಯಲ್ಲಿರುವ ಹತ್ತು ರೂಪಾಯಿಯಲ್ಲಿ ಆರನ್ನು ಕಂಪ್ರೆಸರ್‌ಗೆ ಇಡುತ್ತೇನೆ. ಬ್ರಷ್ಷು ನಾಳೆ ಬದಲಾಯಿಸಬಹುದು, ಕಂಪ್ರೆಸರ್ ಹತ್ತು ವರ್ಷ ಮನೆಯಲ್ಲಿರುತ್ತದೆ. ಬ್ಯಾಟರಿಯ ಪುಟ್ಟ ಮೋಟಾರು ಹಿಡಿಯಲ್ಲೇ ಇರುವಂಥದ್ದು ಬೇಡ. ಬಹುಪಾಲು ಅಂಥವುಗಳಲ್ಲಿ ಒತ್ತಡವನ್ನು ನಮಗೆ ಬೇಕಾದಷ್ಟಕ್ಕೆ ನಿಲ್ಲಿಸಲು ಆಗುವುದಿಲ್ಲ. ಮೂರು ಲೀಟರ್ ಟ್ಯಾಂಕಿನ ಚಿಕ್ಕ ಪಿಸ್ಟನ್ ಕಂಪ್ರೆಸರ್ ಸಿಗುತ್ತದೆ. ಟ್ಯಾಂಕು ತುಂಬಿದಾಗ ತಾನೇ ನಿಲ್ಲುತ್ತದೆ, ಇಳಿದಾಗ ತಾನೇ ಓಡುತ್ತದೆ. ಟ್ಯಾಂಕಿಲ್ಲದಿದ್ದರೆ ಪಿಸ್ಟನ್ ಬಡಿತವೆಲ್ಲ ಬಣ್ಣದಲ್ಲಿ ಕಾಣುತ್ತದೆ. ಗೇಜು, ರೆಗ್ಯುಲೇಟರ್ ಇರಲೇಬೇಕು. ಅಕ್ರಿಲಿಕ್ ಬಣ್ಣಕ್ಕೆ 15–20 ಪಿಎಸ್‌ಐ ಸಾಕು.

ನೀನಿರುವುದು ಮಂಗಳೂರು, ಅದನ್ನು ಮರೆಯಬೇಡ. ಗಾಳಿಯನ್ನು ಅದುಮಿದಾಗ ಅದರೊಳಗಿನ ತೇವ ನೀರಾಗಿ ಇಳಿಯುತ್ತದೆ. ಆಷಾಢದಲ್ಲಿ ನಿಮ್ಮ ಕಡೆಯ ಗಾಳಿ ಹಿಂಡಿದರೆ ನೀರು ಬರುವ ಬಟ್ಟೆಯ ಹಾಗೆ. ಮಾಯಿಶ್ಚರ್ ಟ್ರ್ಯಾಪ್ ಹಾಕಿಸದಿದ್ದರೆ ರೆಕ್ಕೆಯ ನಡುಮಧ್ಯೆ ತಟಕ್ಕನೆ ಒಂದು ಹನಿ ಬೀಳುತ್ತದೆ, ಅದೂ ಕೊನೆಯ ಕೋಟಿನಲ್ಲೇ. ಟ್ಯಾಂಕಿನ ಅಡಿಯ ತಿರುಪು ಬಿಚ್ಚಿ ಕೆಲಸ ಮುಗಿದಾಗೆಲ್ಲ ನೀರು ಹೊರಗೆ ಬಿಡು.

ಬಣ್ಣ ಎಷ್ಟು ತೆಳ್ಳಗಿರಬೇಕು ಅಂತ ಕೇಳಿದ್ದೀಯ. ಕೆನೆ ತೆಗೆದ ಹಾಲಿನಷ್ಟು. ಲೋಟದ ಗೋಡೆಗೆ ತಾಗಿಸಿದರೆ ತೆಳು ಪೊರೆ ಬಿಟ್ಟು ಜಾರಬೇಕು. ನೀರುಮಜ್ಜಿಗೆಯಾದರೆ ಮೈಮೇಲೆ ಜೇಡನ ಕಾಲಿನ ಹಾಗೆ ಹರಡುತ್ತದೆ. ತಮಿಯಾ ಅಕ್ರಿಲಿಕ್‌ಗೆ ಅವರದೇ ಥಿನ್ನರ್ ಇದೆ, ಐಸೊಪ್ರೊಪೈಲ್ ಆಲ್ಕೊಹಾಲ್ ಕೂಡ ಆಗುತ್ತದೆ. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವಾಗ ಬಟ್ಟಲು ಒರೆಸಿ, ಥಿನ್ನರ್ ಹಾಯಿಸಿ, ಬಿಳಿ ಕಾಗದದ ಮೇಲೆ ಬಣ್ಣವಿಲ್ಲದ ಹನಿ ಬರುವ ತನಕ ಬಿಡು. ಇಡೀ ಬ್ರಷ್ಷನ್ನು ಥಿನ್ನರ್‌ನಲ್ಲಿ ನೆನೆಹಾಕಬೇಡ, ಒಳಗಿನ ರಬ್ಬರ್ ಉಂಗುರ ಉಬ್ಬಿ ಹಾಳಾಗುತ್ತದೆ. ಲ್ಯಾಕರ್ ಬಣ್ಣಕ್ಕೆ ಈಗಲೇ ಕೈಹಾಕಬೇಡ. ಹಾಕಿದ ದಿನ ಕಿಟಕಿ ತೆರೆದಿಡು, ಆವಿ ತಡೆಯುವ ಕಾರ್ಟ್ರಿಜ್‌ನ ಮಾಸ್ಕ್ ತೊಡು. ಎನ್95 ಧೂಳಿಗೆ ಸರಿ, ಆ ಆವಿಯನ್ನು ತಡೆಯದು.

ಬ್ರಷ್ಷು ಬಂದ ದಿನವೇ ಮಿಗ್ಗಿನ ಡಬ್ಬಿ ಬಿಚ್ಚಬೇಡ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ನೀರು ಬೆರೆಸಿದ ಇಂಕಿನಿಂದ ಚುಕ್ಕಿ ಇಡು, ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆ. ರಂಗೋಲಿ ಹಾಕುವ ಕೈ ನಿನ್ನದು, ಬೇಗ ಹಿಡಿದೀತು. ಆಮೇಲೆ ಪ್ಲಾಸ್ಟಿಕ್ ಚಮಚಗಳ ಉಬ್ಬಿದ ಬೆನ್ನಿಗೆ ಬಾ, ವಿಮಾನದ ಮೈಯೂ ಅಷ್ಟೇ ಉಬ್ಬು.

ನೀನು ಕಳಿಸಿದ ಆ ಮೂರರಲ್ಲಿ ನಡುವಿನದಕ್ಕೆ ಮಾತ್ರ ಬಿಡಿಭಾಗದ ಪಟ್ಟಿ ಕಾಣಿಸಿತು. ಆದರೂ ಈಗಲೇ ದುಡ್ಡು ಕಟ್ಟಬೇಡ. ದಸರಾ ರಜೆಗೆ ಬಂದಾಗ ನನ್ನ ಪೇಟ್ರಿಯಟ್ ನಿನ್ನ ಕೈಗೇ ಕೊಡುತ್ತೇನೆ, ಎರಡು ದಿನ ಊದಿ ನೋಡು. ಸೂಜಿ ಮಾತ್ರ ನಾನೇ ತೆಗೆಯುತ್ತೇನೆ.