ಸಂದರ್ಭವನ್ನರಿಯುವ ಗಣಕಯಂತ್ರ ಮತ್ತು ಅದರ ಪರೀಕ್ಷೆ

ಅಂಕಿಗಳನ್ನು ಕೊಟ್ಟು ಉತ್ತರವನ್ನು ಪಡೆಯುವುದು ಗಣಕಯಂತ್ರದ ಹಳೆಯ ಬಳಕೆ. ಮನುಷ್ಯನು ಎಲ್ಲಿರುವನು, ಅವನ ಸುತ್ತ ಏನು ನಡೆಯುತ್ತಿದೆ ಎಂಬುದನ್ನು ಯಂತ್ರವು ತಾನೇ ಅರಿತು ಅದಕ್ಕನುಗುಣವಾಗಿ ವರ್ತಿಸುವುದಕ್ಕೆ ಸಂದರ್ಭಪ್ರಜ್ಞ ಗಣನೆ ಎನ್ನಬಹುದು. ಈ ಅರ್ಥದ ಇಂಗ್ಲಿಷ್ ಹೆಸರು 1994ರಲ್ಲಿ ಶಿಲಿಟ್ ಮತ್ತು ಅವರ ಸಹೋದ್ಯೋಗಿಗಳ ಲೇಖನಗಳಿಂದ ಬಳಕೆಗೆ ಬಂದಿತು.

ಹೆಸರಿಗಿಂತ ಮೊದಲೇ ವಸ್ತುವಿದ್ದಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯದಲ್ಲಿ ರಾಯ್ ವಾಂಟ್, ಆ್ಯಂಡಿ ಹಾಪರ್ ಮೊದಲಾದವರು ರೂಪಿಸಿದ ಬಿಲ್ಲೆಯ ವಿವರವು 1992ರಲ್ಲಿ ಪ್ರಕಟವಾಯಿತು. ನೌಕರರು ಧರಿಸುತ್ತಿದ್ದ ಆ ಬಿಲ್ಲೆ 15 ಸೆಕೆಂಡುಗಳಿಗೊಮ್ಮೆ ಅವಕೆಂಪು ಕಿರಣಗಳ ಸಂಕೇತವನ್ನು ಹೊರಸೂಸುತ್ತಿತ್ತು. ಕೋಣೆಯಲ್ಲಿನ ಗ್ರಾಹಕವು ಅದನ್ನು ಹಿಡಿಯುತ್ತಲೇ ವ್ಯಕ್ತಿಯಿರುವ ತಾಣ ತಿಳಿಯುತ್ತಿತ್ತು. ಅವನಿಗೆ ಬಂದ ದೂರವಾಣಿ ಕರೆಯನ್ನು ಸಮೀಪದ ದೂರವಾಣಿಗೆ ಕಳುಹಿಸಲು ಇದರಿಂದ ಅನುಕೂಲವಾಯಿತು.

ಇಂತಹ ವ್ಯವಸ್ಥೆಯನ್ನು ಪರೀಕ್ಷಿಸುವ ಬಗೆ ಹೇಗೆ? ಹತ್ತಾರು ಜನರನ್ನು ದಿನವಿಡೀ ಕಟ್ಟಡದೊಳಗೆ ಅಡ್ಡಾಡಿಸಬೇಕು. ದೋಷ ಕಂಡರೆ ಎಲ್ಲರನ್ನೂ ಹಿಂದಿನಂತೆಯೇ ಮತ್ತೊಮ್ಮೆ ನಡೆಸಬೇಕು. ಇದು ಆಗದ ಮಾತು. ಆದುದರಿಂದ ಕಟ್ಟಡವನ್ನೂ ಜನರನ್ನೂ ಗಣಕಯಂತ್ರದೊಳಗೇ ಕಲ್ಪಿಸಿ, ನಿಜವಾದ ಕ್ರಮವಿಧಿಗೆ ಕಲ್ಪಿತ ಸಂಕೇತಗಳನ್ನು ಉಣಿಸುವ ಅನುಕರಣ ಪದ್ಧತಿ ಹುಟ್ಟಿತು. ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದವರು 2002ರಲ್ಲಿ ಇದಕ್ಕಾಗಿ 'ಕ್ವೇಕ್' ಎಂಬ ಗುಂಡಿನ ಕಾಳಗದ ಆಟದ ತಂತ್ರಾಂಶವನ್ನೇ ಬಳಸಿಕೊಂಡರು. ಹುಡುಗರ ಕಾಲಹರಣವೆನಿಸಿದ್ದ ಆಟವು ವಿದ್ವಾಂಸರ ಉಪಕರಣವಾದುದು ವಿನೋದದ ಸಂಗತಿಯೇ ಸರಿ.

ಆದರೆ ಅನುಕರಣದಲ್ಲಿ ಎಚ್ಚರ ಅಗತ್ಯ. ಸೆಕೆಂಡಿಗೆ 1 ಮೀಟರಿನಂತೆ ನಡೆಯುವವನು ಎರಡು ಸಂಕೇತಗಳ ನಡುವೆ 15 ಮೀಟರ್ ದೂರ ಸಾಗಿರುತ್ತಾನೆ. ಕರೆಗಂಟೆ ಬರಿದಾದ ಕೋಣೆಯಲ್ಲಿ ಮೊಳಗುತ್ತದೆ. ಬಿಲ್ಲೆಯ ಮೇಲೆ ಕೋಟಿನ ಮಡಿಕೆ ಬಿದ್ದರೆ ಕಿರಣವೇ ಹೊರಡದು. ಕಲ್ಪಿತ ಗ್ರಾಹಕವು ಪ್ರತಿಕ್ಷಣವೂ ತಪ್ಪಿಲ್ಲದೆ ನೋಡುವುದಾದರೆ ಈ ದೋಷಗಳೊಂದೂ ಪರೀಕ್ಷೆಯಲ್ಲಿ ತೋರವು. ಪರೀಕ್ಷಕನು ವಿಳಂಬವನ್ನೂ ಮರೆಯನ್ನೂ ತಾನಾಗಿಯೇ ಬೆರೆಸಬೇಕು. ಅತಿ ನಿರ್ಮಲವಾದ ಅನುಕರಣವು ಕೆಟ್ಟ ಅನುಕರಣ.

ದೂರವಾಣಿಯಲ್ಲಿ ತಪ್ಪಿದರೆ ಒಂದು ಕರೆ ನಷ್ಟ. ಚಾಲಕನ ನೆರವಿಲ್ಲದೆ ಸುತ್ತಲಿನ ರಸ್ತೆಯನ್ನು ಅರಿತು ಓಡುವ ಕಾರಿನ ಪಾಡು ಬೇರೆ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಟೆಂಪಿ ನಗರದಲ್ಲಿ ಪರೀಕ್ಷೆಗೆಂದು ಹೊರಟಿದ್ದ ಊಬರ್ ಸಂಸ್ಥೆಯ ಅಂತಹ ಕಾರು, ಸೈಕಲ್ಲನ್ನು ತಳ್ಳುತ್ತ ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬಳಿಗೆ ಬಡಿದು ಆಕೆ ಮೃತಳಾದಳು. ಒಳಗೆ ಕುಳಿತು ಎಚ್ಚರವಿರಬೇಕಾಗಿದ್ದ ಉದ್ಯೋಗಿಯ ದೃಷ್ಟಿ ರಸ್ತೆಯ ಮೇಲಿರಲಿಲ್ಲ. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಯಂತ್ರವು ಆಕೆಯನ್ನು ಗುರುತಿಸಿತ್ತೆಂದೂ, ಅದು ಒಮ್ಮೆ ವಾಹನ, ಒಮ್ಮೆ ಸೈಕಲ್, ಒಮ್ಮೆ ಬೇರೇನೋ ಎಂದು ತನ್ನ ನಿರ್ಣಯವನ್ನು ಬದಲಿಸುತ್ತಲೇ ಹೋಯಿತೆಂದೂ ಸರ್ಕಾರಿ ತನಿಖೆಯು ಕಂಡುಕೊಂಡಿತು. ಪಾದಚಾರಿಗಳ ದಾಟುಪಟ್ಟಿಯ ಹೊರಗೆ ಮನುಷ್ಯರು ರಸ್ತೆ ದಾಟಬಹುದೆಂಬ ಸಂದರ್ಭವನ್ನೇ ಅದರ ರಚನೆಯಲ್ಲಿ ಪರಿಗಣಿಸಿರಲಿಲ್ಲ. ಕಲ್ಪಿತ ರಸ್ತೆಯಲ್ಲಿ ಅಂತಹ ಒಬ್ಬಳನ್ನು ನಡೆಸಿ ನೋಡುವುದಕ್ಕೆ ಪ್ರಾಣಾಪಾಯವೇನೂ ಇರುವುದಿಲ್ಲ. ಆದರೆ ಆಕೆಯನ್ನು ಅಲ್ಲಿ ನಡೆಸಬೇಕೆಂದು ಮೊದಲು ಯಾರಿಗಾದರೂ ತೋಚಬೇಕು.